ಕೊವನ್ ತುಕ್ರನ ಚಿತೆ

ಸ್ಟ್ಯಾನ್ಲಿ ಮೇಸ್ತ್ರಿ ಒಟ್ಟಿದ ಸೌದೆ ಮತ್ತೆ ಜಾರಿ ಬಿತ್ತು. ಗಲ್ಫಿನ ಸೊಹಾರ್‌ನ ಸ್ಮಶಾನದಲ್ಲಿ ನೆರೆದಿದ್ದ ಊರ ಕಡೆಯವರೆಲ್ಲ ನೋಡುತ್ತಿದ್ದರು. ಗೇಟಿನ ಹೊರಗೆ ಆಂಬುಲೆನ್ಸಿನಲ್ಲಿ ತುಕ್ರ ಕಾಯುತ್ತಿದ್ದ.

"ತುಕ್ರಣ್ಣ ಇದ್ದಿದ್ರೆ ಆಗ್ಲೇ ಒಟ್ಟಿ ಆಗ್ತಿತ್ತು ಮಾರಾಯ್ರೆ," ಎಂದ ನೆರೆಮನೆಯ ಲತೇಶ್. "ಸಹಮ್ ಊರಿನ ತೋಟಕ್ಕೆ ಅವ್ರು ಕಟ್ಟಿದ ಗೋಡೆಗಳನ್ನು ನೋಡಿದ್ದೀರಲ್ಲ? ಸಿಮೆಂಟಿನ ಹಂಗೇ ಇಲ್ಲ. ಕಲ್ಲಿನ ಮೇಲೆ ಕಲ್ಲು, ಖಲಾಸ್!"

ಸ್ಟ್ಯಾನ್ಲಿಗೆ ಹೊಟ್ಟೆ ಉರಿದುಹೋಯಿತು. ಸತ್ತ ಮೇಲೂ ಇವನದೇ ಕಾರುಬಾರು! ಸೌದೆ ಒಟ್ಟಲು ಸ್ಟ್ಯಾನ್ಲಿಯನ್ನು ಯಾರೂ ಕರೆದಿರಲಿಲ್ಲ. ಇವತ್ತಾದರೂ ನಿಜವಾದ ಮೇಸ್ತ್ರಿ ಯಾರೆಂದು ಜನ ಕಾಣಲಿ ಎಂದು ತಾನೇ ತೋಳೇರಿಸಿ ಮುಂದೆ ಬಂದಿದ್ದ.

*

ಹಿಂದೆ ಇಬ್ಬರೂ ದುಡಿಯುತ್ತಿದ್ದ ಬರ್ಕಾದ ಕಟ್ಟಡದ ಸೈಟಿನಲ್ಲಿ ಸ್ಕಾಟ್ಲೆಂಡಿನ ಮುದುಕ ಇಂಜಿನಿಯರ್ ಒಬ್ಬನಿದ್ದ. ಹೆಲ್ಪರ್ ತುಕ್ರ ಗಾರೆಯಿಲ್ಲದೆ ಕಲ್ಲು ಜೋಡಿಸುವುದನ್ನು ಕಂಡು, "ಇವನು ಕೊವನ್," ಎಂದು ನಕ್ಕ. ಅವರ ಕಡೆ ಹಳೆಯ ಕಾಲದಲ್ಲಿ ಒಣಕಲ್ಲಿನ ಗೋಡೆ ಕಟ್ಟುವವನಿಗೆ ಆ ಹೆಸರಂತೆ. ಆಮೇಲೆ ಮೇಸ್ತ್ರಿಗಳ ಸಂಘದವರು, ಗುರುವಿನ ಕೈಕೆಳಗೆ ಪಳಗದೆ ಕೆಲಸಕ್ಕಿಳಿದವನನ್ನು ಹಾಗೆಂದು ಹೀಯಾಳಿಸಿ ದೂರ ಇಟ್ಟರಂತೆ. ಕೊನೆಗೆ, ಸಂಘದ ಬಾಗಿಲಲ್ಲಿ ಕದ್ದು ಕೇಳುವ ಹೊರಗಿನವನೂ ಕೊವನ್ ಆದನಂತೆ.

ಮೇಸ್ತ್ರಿಯಾಗಿದ್ದ ಅಪ್ಪನ ಕೈಕೆಳಗೆ ಬೈಗುಳ ತಿನ್ನುತ್ತ ವರ್ಷಗಟ್ಟಲೆ ಗಾರೆ ಹೊತ್ತಿದ್ದ ಸ್ಟ್ಯಾನ್ಲಿಗೆ ಆ ಬೈಗುಳದ ಅರ್ಥ ಬಹಳ ಹಿಡಿಸಿತು. "ನಂಗೂ ಕಲಿಸಿಕೊಡಿ ಪೊರ್ಬುಗಳೇ," ಎಂದು, ಊರಲ್ಲಿ ಕ್ರಿಶ್ಚಿಯನರನ್ನು ಕರೆಯುವ ಮರ್ಯಾದೆಯಲ್ಲೇ ಕೇಳಿಕೊಂಡು ಬಂದ ತುಕ್ರನಿಗೆ, "ನಿಂಗೆಂತ ಕಲಿಸುದು? ನೀನು ಕೊವನ್!" ಎಂದ. ಕೆಲಸಗಾರರ ಕ್ಯಾಂಪಿಗೆಲ್ಲ ಸಾರಿದ. ಅಯ್ಯೋ, ಆದದ್ದೇ ಬೇರೆ! ಜನ ಅದನ್ನೇ ಬಿರುದು ಮಾಡಿಬಿಟ್ಟರು. ತೋಟದ ಅರಬರು ಕಾರು ನಿಲ್ಲಿಸಿ, "ಕೊವನ್ ಎಲ್ಲಿ?" ಎಂದು ಕೇಳತೊಡಗಿದರು. ಸ್ಟ್ಯಾನ್ಲಿಯನ್ನು ಹಾಗೆ ಯಾರೂ ಹುಡುಕಿಕೊಂಡು ಬರಲಿಲ್ಲ.

*

"ಪೊರ್ಬುಗಳೇ, ನೀವು ಸ್ವಲ್ಪ ಬದಿಗೆ ನಿಲ್ಲಿ."

ತುಕ್ರನ ಹೆಂಡತಿ ಕುಸುಮ ಬಂದು ನಿಂತಿದ್ದಳು.

"ಹೆಂಗಸರ ಕೆಲಸವಾ ಇದು ಕುಸುಮಾ?"

"ರಜೆಯ ದಿನ ಅವರೊಟ್ಟಿಗೆ ನಾನೂ ಕಲ್ಲು ಇಡ್ತಿದ್ದೆ. ಕೇಳಿದವರಿಗೆಲ್ಲ ಕಲಿಸಿದ್ದಾರೆ ಅವರು. ನೀವು ಒಂದು ದಿನವೂ ಕೇಳ್ಲಿಲ್ಲ ಅಂತ ಬೇಜಾರು ಮಾಡ್ಕೊಳ್ತಿದ್ರು."

ಸ್ಟ್ಯಾನ್ಲಿ ಬದಿಗೆ ಸರಿದ. ಕುಸುಮ ಸೆರಗು ಸಿಕ್ಕಿಸಿ ಕೂತಳು. ಅಡಿಗೆ ದಪ್ಪ ಕೊರಡು, ಅಡ್ಡಕ್ಕೆ ಸಪೂರದ್ದು, ಸಂದಿಗೆ ಚಕ್ಕೆ. ಅಳುತ್ತಲೇ ಒಟ್ಟಿ ಮುಗಿಸಿದಳು.

ಎಲ್ಲರೂ ತುಕ್ರನನ್ನು ಹೊತ್ತು ತರಲು ಗೇಟಿನ ಕಡೆ ಹೋದರು. ಸ್ಟ್ಯಾನ್ಲಿ ಆಚೀಚೆ ನೋಡಿದ. ಮೂಲೆಯ ಕೊರಡಿಗೆ ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಕೂಡಿಸಿ ಅಲುಗಾಡಿಸಲು ನೋಡಿದ.

ಒಂದು ಚಕ್ಕೆಯೂ ಕದಲಲಿಲ್ಲ.