ಬೀಗದವನ ಎದೆಯುರಿಗೆ ಮೂರು ಕೊನೆಗಳು

ಎಲ್ಲಿಂದ ಶುರು ಮಾಡಲಿ? ಎದೆಯಿಂದ ಮಾಡಿದರೆ ಡಾಕ್ಟರರ ಕಥೆಯಾಗುತ್ತದೆ. ಫೋನಿನಿಂದ ಮಾಡಿದರೆ ನನ್ನ ಮೊಮ್ಮಕ್ಕಳು ತಪ್ಪು ಹುಡುಕುತ್ತಾರೆ. ಅಂಗಡಿಯಿಂದಲೇ ಮಾಡುತ್ತೇನೆ, ನೀವು ಬೇಡವೆಂದರೂ.

೧

ಬೀಗ ರಿಪೇರಿ ಅಂಗಡಿ. ಎಷ್ಟು ಚಿಕ್ಕದೆಂದರೆ, ಅಂಗಡಿಯವನು ಸೀನಬೇಕಾದರೆ ಗಿರಾಕಿ ಹೊರಗೆ ಹೋಗಬೇಕು. ಅವತ್ತು ಬೀಗದವನು ಒಬ್ಬ ಮೇಷ್ಟರನ್ನು ತರಾಟೆಗೆ ತೆಗೆದುಕೊಂಡಿದ್ದ.

"ವಿಡಿಯೋ ನೋಡ್ಕೊಂಡು ಹೇರ್‌ಪಿನ್ ಹಾಕಿದ್ರಾ? ಈಗ ಪಿನ್ನೂ ಒಳಗೆ, ಮುರಿದ ಕೀಲಿಯೂ ಒಳಗೆ. ಬೀಗ ಅಂದ್ರೆ ಆಟದ ಸಾಮಾನಾ ಸ್ವಾಮಿ? ಗೊತ್ತಿಲ್ದಿದ್ರೆ ಗೊತ್ತಿರೋರ ಹತ್ರ ಬರ್ಬೇಕು!"

ಮೇಷ್ಟರು ತಲೆ ತಗ್ಗಿಸಿಕೊಂಡು ಹೋದರು. ಬೀಗದವನು ಎದೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಸಿದ. ಫೋನ್ ತೆಗೆದ. "ಎದೆ ಉರಿ, ಎಡಗೈ ಜೋಮು" ಎಂದು ಹುಡುಕಿದ.

(ಈಗಲೇ ನಗಬೇಡಿ. ಕಥೆ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದೆ.)

೨

ಮೊದಲನೆಯ ಪುಟ "ತಕ್ಷಣ ಆಸ್ಪತ್ರೆಗೆ ಹೋಗಿ" ಎಂದಿತು. ಅದು ಅವನಿಗೆ ಹಿಡಿಸಲಿಲ್ಲ. ಎರಡನೆಯದೂ ಅದನ್ನೇ ಅಂದಿತು. ಅದಕ್ಕೆ ಬುದ್ಧಿಯಿಲ್ಲ ಎಂದುಕೊಂಡ. ಹೀಗೇ ಲಕ್ಷ ಪುಟ ದಾಟಿದ ಮೇಲೆ (ಸರಿ, ಹತ್ತು) ಒಂದು ಪುಟ "ಗ್ಯಾಸ್ ಇರಬಹುದು" ಎಂದಿತು. ಮುಖ ಅರಳಿತು ನೋಡಿ! ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ರೀ, ಯಾಕಿಷ್ಟು ಬೆವರ್ತಿದೀರಿ? ಏಳಿ, ಡಾಕ್ಟ್ರ ಹತ್ರ ಹೋಗೋಣ."

"ನೋಡಿದ್ದಾಯ್ತು ಕಣೇ. ಗ್ಯಾಸು."

"ಯಾವ ಡಾಕ್ಟ್ರು ನೋಡಿದ್ದು?"

"ನಾನೇ. ಫೋನಲ್ಲಿ ಎದೆಯುರಿಯೋರ ಗುಂಪಿದೆ, ಅಲ್ಲೂ ಕೇಳ್ದೆ. ನಲವತ್ತು ಜನ ಗ್ಯಾಸ್ ಅಂದಿದಾರೆ."

"ಆಗಲೇ ಆ ಮೇಷ್ಟ್ರಿಗೆ ಬೈದ್ರಲ್ಲ, ಬೀದಿ ತುದಿ ಮನೇವರೆಗೂ ಕೇಳಿಸ್ತು. ನೀವೀಗ ನಿಮ್ಮೆದೆಗೇ ಹೇರ್‌ಪಿನ್ ಹಾಕ್ತಿದೀರಲ್ಲ!"

"ಬೀಗ ಬೇರೆ, ಎದೆ ಬೇರೆ."

"ಹೌದು ಮತ್ತೆ. ಬೀಗ ಕೆಟ್ರೆ ಹೊಸದು ತರಬಹುದು."

(ಈ ಮಾತು ನಾನು ಹೇಳಿಕೊಟ್ಟದ್ದಲ್ಲ, ಅವಳದೇ. ನನಗೆ ಹೊಟ್ಟೆ ಉರಿಯಿತು. ನನ್ನದು ಖಂಡಿತ ಗ್ಯಾಸಲ್ಲ.)

೩

ಮೊದಲನೆಯ ಕೊನೆ: ಹೆಂಡತಿ ಅವನನ್ನು ಸ್ಟೂಲಿನ ಸಮೇತ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಇಷ್ಟು ಬರೆದದ್ದೇ ತಡ, ಬೀಗದವನು ಕಥೆಯೊಳಗಿಂದ ತಲೆ ಹೊರಹಾಕಿದ.

"ಅಜ್ಜಿ, ಇದು ನಗೆಕಥೆ ತಾನೇ?"

"ಹೂಂ ಕಣೋ."

"ನಗೆಕಥೇಲಿ ಯಾರೂ ಸಾಯಲ್ಲ. ಹುಡುಕಿ ನೋಡಿದೀನಿ. ನಾನು ಏಳಲ್ಲ, ಬೇರೆ ಕೊನೆ ತೋರ್ಸಿ."

ಎರಡನೆಯ ಕೊನೆ: ಅವನಿಗೊಂದು ತೇಗು ಬಂತು. ಬೀದಿಯ ಕಿಟಕಿಗಳ ಗಾಜುಗಳೆಲ್ಲ ಗಡಗಡ ನಡುಗಿದವು. ಎದೆ ಹೂವಿನಷ್ಟು ಹಗುರಾಯಿತು.

"ಹಾಂ! ಇದನ್ನೇ ಇಟ್ಕೊಳ್ಳಿ ಅಜ್ಜಿ."

ಆ ಕೊನೆಯನ್ನೂ ಗೀಚಿ ಹೊಡೆದುಹಾಕಿದೆ. ಯಾಕೆಂದರೆ ಬೆವರು ಕಾಲರಿಗೆ ಇಳಿಯುತ್ತಲೇ ಇತ್ತು. ತೇಗು ನಾನು ಬರೆದದ್ದು. ಬೆವರನ್ನು ನಾನು ಬರೆದಿರಲಿಲ್ಲ.

೪

ಕಥೆ ಹೇಳುವವಳ ಮಾತಿಗೆ ಬೆಲೆಯಿಲ್ಲ ಅಂದಮೇಲೆ ಇನ್ನೇನು ಮಾಡುವುದು? ನಾನೂ ಫೋನಿನಲ್ಲಿ ಆ ಎದೆಯುರಿಯವರ ಗುಂಪಿಗೆ ಸೇರಿಕೊಂಡೆ. ಅಕ್ಷರಕ್ಕೊಂದು ಸಲ ಕನ್ನಡಕ ಒರೆಸಿಕೊಂಡು ಬರೆದೆ: "ನನಗೂ ಹೀಗೇ ಆಗಿತ್ತು. ಹಾರ್ಟು ಅಂದ್ರು. ಬೇಗ ಹೋಗಿ."

"ಈಗ ಹೇಗಿದೀರಿ ಮೇಡಂ?" ಎಂದು ಬೀಗದವನು ಕೇಳಿದ.

"ಗುಂಡುಕಲ್ಲಿನ ಹಾಗಿದೀನಿ."

"ನೋಡಿದ್ರಾ! ಹಾರ್ಟೇ ಆದ್ರೂ ಏನೂ ಆಗಲ್ಲ."

ಹಣೆ ಚಚ್ಚಿಕೊಂಡೆ. ಆಗ ಹೊಳೆಯಿತು. ಗ್ಯಾಸ್ ಆಗಿದ್ದವರೆಲ್ಲ ಅಲ್ಲಿ ಸಾಲಾಗಿ ಕೂತು ಬರೆದಿದ್ದಾರೆ. ಗ್ಯಾಸ್ ಅಂದುಕೊಂಡು ಮಲಗಿ ಮತ್ತೆ ಏಳದವರು ಎಲ್ಲಿ? ನಮ್ಮ ಮನೆಯವರ ಕಾಲದಲ್ಲಿ ಇಂಟರ್ನೆಟ್ ಇರಲಿಲ್ಲ, ಪಕ್ಕದ ಮನೆಯವನಿದ್ದ. ಅವನೂ ಗ್ಯಾಸ್ ಅಂದಿದ್ದ.

ಹೊಸ ಹೆಸರಿನಲ್ಲಿ ಮತ್ತೆ ಒಳಗೆ ಹೋದೆ: "ಅಜ್ಜಿಯ ಗಂಡ". ಒಂದೇ ಸಾಲು ಬರೆದೆ.

"ನಾನೂ ಗ್ಯಾಸ್ ಅಂದ್ಕೊಂಡಿದ್ದೆ."

"ಆಮೇಲೆ ಏನಾಯ್ತು ಸಾರ್?"

ನಾನು ಸುಮ್ಮನಿದ್ದೆ.

"ಸಾರ್?"

ಸುಮ್ಮನಿದ್ದೆ.

"ಸಾರ್, ಇದೀರಾ?"

ಬೀಗದವನು ಉತ್ತರಕ್ಕಾಗಿ ಪರದೆಯನ್ನು ನೋಡುತ್ತಲೇ ಇದ್ದ. ಆಮೇಲೆ ಫೋನನ್ನು ಸ್ಟೂಲಿನ ಮೇಲೆ ಬೋರಲು ಹಾಕಿ, ಗೋಡೆ ಹಿಡಿದುಕೊಂಡು ಎದ್ದ.

"ಏ, ಷಟರ್ ಎಳೀ. ಹೋಗೋಣ."

೫

ಆಸ್ಪತ್ರೆಯಲ್ಲಿ ಅವನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ತಳ್ಳಿಕೊಂಡು ಹೋದರು. ಒಳಗೆ ಹೋಗುವಾಗಲೂ ಬಾಯಿ ಸುಮ್ಮನಿರಲಿಲ್ಲ. "ಸಿಸ್ಟರ್, ಈ ಬಾಗಿಲಿನ ಲಾಚ್ ಸರಿಯಿಲ್ಲ. ಒಂದಿನ ಕೈ ಕೊಡುತ್ತೆ, ನಾನೇ ಬಂದು ಸರಿ ಮಾಡ್ತೀನಿ." ಬಾಗಿಲು ಮುಚ್ಚಿಕೊಂಡಿತು.

ಹೆಂಡತಿ ಬಿಚ್ಚದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ತಲೆಯೆತ್ತಿ ನೇರವಾಗಿ ನನ್ನನ್ನೇ ಕೇಳಿದಳು.

"ಅಜ್ಜಿ, ಮೂರನೇ ಕೊನೆ ಏನು?"

ಅವಳಿಗೆ ಹಿಡಿಸುವಂಥದ್ದನ್ನು ಬರೆಯುವುದು ನನಗೇನು ಕಷ್ಟವೇ? ಆದರೆ ಹಾಗೆ ಬರೆದರೆ "ಗ್ಯಾಸ್ ಇರಬಹುದು" ಎಂದ ಆ ಪುಟಕ್ಕೂ ನನಗೂ ಏನು ವ್ಯತ್ಯಾಸ?

"ಗೊತ್ತಿಲ್ಲ ಕಣಮ್ಮಾ. ಗೊತ್ತಿರೋರು ಒಳಗಿದಾರೆ."

ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು, ನಾನೂ ಕೂತೆ. ನೀವೂ ಬನ್ನಿ, ಫೋನ್ ಜೇಬಿಗೆ ಹಾಕಿಕೊಂಡು ಕೂತುಕೊಳ್ಳಿ. ಬಾಗಿಲು ಮಾತ್ರ ತಳ್ಳಬೇಡಿ. ಆ ಲಾಚ್ ಸರಿ ಮಾಡುವ ಕೈ ಆಚೆ ಕಡೆ ಇದೆ.