ನುಸ್ರತ್ ಖಾನಂ ಒಪ್ಪದ ಹಾಸು

ವಸಂತದ ಹೊಸ ವರ್ಷಕ್ಕೆ ಒಂಬತ್ತು ದಿನ ಉಳಿದಿತ್ತು. ಮರಳುಗಾಡಿನ ಅಂಚಿನ ಅರ್ದಕಾನಿನ ಅರ್ಧ ಊರು ತನ್ನ ರತ್ನಗಂಬಳಿಗಳನ್ನು ಸುತ್ತಿ ತಂದು ಅಖ್ತರಳ ಅಂಗಳದಲ್ಲಿ ಹಾಕಿತ್ತು. ಅಪ್ಪ ತೀರಿಕೊಂಡ ಮೇಲೆ, ಹದಿನಾರು ವರ್ಷದಿಂದ, ಹಾಸು ತೊಳೆಯುವ ಆ ಕಾರ್ಖಾನೆ ಅವಳದೇ. ಮೊದಲು ಧೂಳು ಬಡಿಯುವುದು, ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೋ ನೋಡುವುದು, ಆಮೇಲೆ ಇಳಿಜಾರು ಸಿಮೆಂಟಿನ ಮೇಲೆ ಹರಡಿ ತೊಳೆದು, ಎತ್ತರದ ಕಂಬಗಳಿಗೆ ನೇತುಹಾಕುವುದು. ಅವಳ ಅಪ್ಪ ಯಾವುದನ್ನೂ ಬಿಡುತ್ತಿರಲಿಲ್ಲ, ಅವಳೂ ಬಿಡಲಿಲ್ಲ.

ಆ ಬೆಳಿಗ್ಗೆ ನುಸ್ರತ್ ಖಾನಂ ತನ್ನ ಹಾಸು ಒಯ್ಯಲು ಬಂದಳು. ಅಪ್ಪನ ಕಾಲದಿಂದ ಅಲ್ಲೇ ದುಡಿಯುತ್ತಿದ್ದ ಮುದುಕ ಕೆರಾಮತ್ ಅದನ್ನು ಬಿಡಿಸಿ ಹಾಸಿದ. ನುಸ್ರತ್ ಅದರ ಸುತ್ತ ಒಂದು ಸುತ್ತು ಬಂದು ನಿಂತಳು.

“ಇದು ಯಾರದು?”

“ನಿಮ್ದೇ ಖಾನಂ.”

“ನಂದು ಕಂದು ಬಣ್ಣದ್ದು ಕಣಯ್ಯ. ಇದು ಹಾಲಿನ ಥರ ಬೆಳ್ಳಗಿದೆ. ಅಂಚು ನೀಲಿ. ನಮ್ಮನೇಲಿ ನೀಲಿ ಅನ್ನೋದೇ ಇರ್ಲಿಲ್ಲ.”

“ಇತ್ತು, ಮಣ್ಣಿನ ಕೆಳಗೆ ಇತ್ತು,” ಎಂದ ಕೆರಾಮತ್. “ನಿಮ್ಮ ಹಾಸಿಂದ ಉದುರಿದ ಮಣ್ಣಲ್ಲಿ ಎರಡು ಪಾತಿ ಗೋಧಿ ಬಿತ್ತಬಹುದಾಗಿತ್ತು.”

ಆ ಮಾತು ಕೆಲಸ ಕೆಡಿಸಿತು. ತನ್ನ ಮನೆಯನ್ನು ಕೊಳಕು ಎಂದರೆ ಸುಮ್ಮನಿರುವ ಹೆಂಗಸಲ್ಲ ಅವಳು. ಮೂವತ್ತನಾಲ್ಕು ವರ್ಷ ಅದರ ಮೇಲೆ ಕೂತೆದ್ದವಳು ತಾನು, ಪ್ರತಿ ವಾರ ಬಡಿದವಳು ತಾನು ಎಂದು ದನಿ ಏರಿಸಿದಳು. ಬಡಿದದ್ದು ನಿಜ, ನೀರು ಮಾತ್ರ ಸೋಕಿಸಿರಲಿಲ್ಲ. ನೀರು ಬಿದ್ದರೆ ಬಣ್ಣ ಹರಿಯುತ್ತದೆ ಎಂದು ಅತ್ತೆ ಹೇಳಿ ಸತ್ತಿದ್ದಳು. ಈ ವರ್ಷ ಮರಳುಗಾಳಿ ಬಿಡದೆ ಬೀಸಿ ಗಂಡ ಹಾಶೆಮ್‌ಗೆ ಉಸಿರು ಕಟ್ಟತೊಡಗಿದಾಗ, ತೊಳೆಸಿ ಇಲ್ಲವೇ ಬಿಸಾಡಿ ಎಂದಿದ್ದರು ವೈದ್ಯರು.

ಅಖ್ತರ್ ಕೈ ಒರೆಸಿಕೊಂಡು ಬಂದು ಹಾಸಿನ ಮೂಲೆ ಮಗುಚಿದಳು. “ಇಗೋ ನೋಡಿ, ನೀವು ಕೊಟ್ಟ ದಿನ ನಾನೇ ಹೊಲಿದ ಚೀಟಿ. ನಿಮ್ಮ ಹೆಸರಿದೆ.”

“ಚೀಟಿ ಹೊಲಿಯೋಕೆ ಎಷ್ಟು ಹೊತ್ತು ಬೇಕು? ನಿನ್ನ ಹತ್ರ ಸೂಜಿ ಇಲ್ವಾ?”

“ಚಹಾ ಕಾಯಿಸೋ ಸಮೋವರ್ ಕೆಂಡ ಬಿದ್ದ ಕಲೆ ಇಲ್ಲೇ ಇದೆ.”

“ಯಾರ ಮನೇಲಿ ಕೆಂಡ ಬೀಳಲ್ಲ?”

ಹಾಶೆಮ್‌ಗೆ ಫೋನು ಮಾಡಿದರು. ಅವನು ಕೆಮ್ಮಿ, “ನುಸ್ರತ್ ಏನಂತಾಳೋ ಅದೇ,” ಎಂದು ಇಟ್ಟುಬಿಟ್ಟ. ನುಸ್ರತ್ ಬಾಗಿಲ ಪಕ್ಕದ ಡ್ರಮ್ಮಿನ ಮೇಲೆ ಕೂತು, ತನ್ನ ಹಾಸು ಸಿಗದೆ ಏಳುವುದಿಲ್ಲ ಎಂದಳು. ಒಳಗೆ ಬಂದ ಪ್ರತಿಯೊಬ್ಬರಿಗೂ ಕತೆ ಒಪ್ಪಿಸಿದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ತಮ್ಮ ಹಾಸನ್ನು ತೊಳೆಸದೆಯೇ ವಾಪಸು ಒಯ್ದರು.

ಅಖ್ತರಳಿಗೆ ಸಿಟ್ಟಿಗಿಂತ ಭಯ ಹೆಚ್ಚಾಯಿತು. ಹಾಸು ಬದಲಾಯಿಸಿದಳು ಎಂಬ ಮಾತು ಒಮ್ಮೆ ಊರು ಸೇರಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಅವಳು ನುಸ್ರತ್‌ಳ ಎದುರು ಕುಕ್ಕರುಗಾಲಲ್ಲಿ ಕೂತಳು.

“ಖಾನಂ, ಇದನ್ನ ನೇಯ್ದೋರು ಯಾರು?”

ನುಸ್ರತ್ ಮುಖ ತಿರುಗಿಸಿದಳು. “ನಮ್ಮತ್ತೆ ಮನೆ ಮಗ್ಗದ್ದು. ಅತ್ತೆ, ಮತ್ತೆ ನನ್ನ ನಾದಿನಿ ತೂಬಾ.”

“ತೂಬಾ ಖಾನಂ ಇದ್ದಾರಲ್ಲ? ಕೇಳೋಣ.”

“ಅತ್ತೆ ಸತ್ತ ಮೇಲೆ ಅವಳ ಹತ್ರ ನಾನು ಮಾತಾಡಿಲ್ಲ, ಹನ್ನೊಂದು ವರ್ಷ ಆಯ್ತು. ಈಗ ಕಣ್ಣೂ ಕಾಣಲ್ಲ ಅವಳಿಗೆ.”

“ಮಾತಾಡೋದು ನಾನು. ನೀವು ಇಲ್ಲೇ ಕೂತಿರಿ.”

ತೂಬಾ ಇದ್ದದ್ದು ಮಾಡಿನ ಮೇಲೆ ಗಾಳಿ ಹಿಡಿಯುವ ಗೋಪುರಗಳಿರುವ ಹಳೆಯ ಓಣಿಯ ಒಂದೇ ಕೋಣೆಯಲ್ಲಿ. ಎಪ್ಪತ್ತೆರಡು ವರ್ಷ, ಎರಡೂ ಕಣ್ಣಿಗೆ ಪೊರೆ. ವಿಷಯ ಕೇಳಿ ಅವಳು ತಲೆಯಿಂದ ಕಾಲಿನವರೆಗಿನ ಚಾದರ ಹೊದ್ದು ಹೊರಟಳು. ವ್ಯಾನಿನಲ್ಲಿ ಕೂತ ಮೇಲೆ ಒಂದೇ ಮಾತು ಹೇಳಿದಳು: “ಕೆಳಗಿನ ಎಡ ಮೂಲೇಲಿ ಎರಡು ಹಕ್ಕಿ ಇರ್ಬೇಕು. ಒಳಗಿನದಕ್ಕೆ ಒಂದೇ ಕಾಲು. ಇದ್ರೆ ನಮ್ದು, ಇಲ್ದಿದ್ರೆ ನೀನು ಕಳ್ಳಿ.”

ಅಖ್ತರ್ ವ್ಯಾನು ಓಡಿಸಿದಳು. ಹತ್ತು ನಿಮಿಷದ ದಾರಿ. ಆ ಮೂಲೆಯನ್ನು ಅವಳು ತನ್ನ ಕೈಯಲ್ಲೇ ಉಜ್ಜಿದ್ದಳು. ಹಕ್ಕಿ ನೆನಪಿತ್ತು, ಕಾಲು ನೆನಪಿರಲಿಲ್ಲ.

ಅಂಗಳದಲ್ಲಿ ತೂಬಾ ಚಪ್ಪಲಿ ಬಿಟ್ಟು ಹಾಸಿನ ಮೇಲೆ ಕೂತಳು. ನುಸ್ರತ್ ಕಡೆ ತಿರುಗಲೇ ಇಲ್ಲ. ಮೂಲೆ ಮಗುಚಿ, ಹಿಂಬದಿಯ ಗಂಟುಗಳ ಮೇಲೆ ಬೆರಳಾಡಿಸುತ್ತ, ಬಾಯಲ್ಲೇ ಎಣಿಸುತ್ತ ಮೇಲೆ ಹೋದಳು. ಒಂದು ಕಡೆ ಬೆರಳು ನಿಂತಿತು.

“ನೋಡು ಇಲ್ಲಿ.”

ಅಖ್ತರ್ ಆ ಜಾಗವನ್ನು ಮಗುಚಿ ಹಿಡಿದಳು. ಕೆಂಪು ಕೊಕ್ಕಿನ ಪುಟ್ಟ ಹಕ್ಕಿ, ಒಂದೇ ಕಾಲು. ಕೆರಾಮತ್ ದೇವರ ಹೆಸರು ಹೇಳಿ ಉಸಿರುಬಿಟ್ಟ.

“ಆವತ್ತು ನಂಗೆ ಜ್ವರ,” ಎಂದಳು ತೂಬಾ. “ಹದಿಮೂರು ವರ್ಷ. ಒಂದು ಕಾಲು ಮರೆತೆ. ಅಮ್ಮ ನೋಡೋ ಹೊತ್ತಿಗೆ ನೇಯ್ಗೆ ಒಂದು ಗೇಣು ಮೇಲೆ ಹೋಗಿತ್ತು, ಬಿಚ್ಚೋ ಹಾಗಿರ್ಲಿಲ್ಲ. ಕೆನ್ನೆಗೆ ಬಾರಿಸಿದ್ಲು ಅಷ್ಟೆ.”

ನುಸ್ರತ್ ಡ್ರಮ್ಮಿನಿಂದ ಎದ್ದು ಬಂದು ಬಗ್ಗಿ ನೋಡಿದಳು. ಮೂವತ್ತನಾಲ್ಕು ವರ್ಷದಲ್ಲಿ ಆ ಮೂಲೆಯಲ್ಲಿ ಹಕ್ಕಿ ಇರುವುದೇ ಅವಳಿಗೆ ಗೊತ್ತಿರಲಿಲ್ಲ.

“ಇಷ್ಟು ದಿನ ಹೇಳಿರ್ಲಿಲ್ಲ ನೀವು,” ಎಂದಳು, ಹನ್ನೊಂದು ವರ್ಷದ ಮೊದಲ ಮಾತು.

“ಏನಂತ ಹೇಳ್ಲಿ? ಇದು ನನ್ನ ಮದುವೆಗೆ ಅಂತ ನೇಯ್ದಿದ್ದು. ಗಂಡಿನವರು ಇಸ್ಫಹಾನಲ್ಲಿ ಬೇರೆ ಹುಡುಗಿ ನೋಡ್ಕೊಂಡ್ರು. ಅಮ್ಮ ಇದನ್ನ ಸುತ್ತಿಟ್ಲು. ನೀನು ಸೊಸೆಯಾಗಿ ಬಂದ ದಿನ ನಿನ್ನ ಕಾಲ ಕೆಳಗೆ ಹಾಸಿದ್ಲು. ಮೂರನೇ ದಿನ ನಾನಂದೆ, ಸಮೋವರ್ ಇದರ ಮೇಲೆ ಇಡ್ಬೇಡ ಅಂತ. ‘ಈಗ ಇದು ನಂದು’ ಅಂದೆ ನೀನು, ನೆನಪಿದ್ಯಾ?”

ನುಸ್ರತ್‌ಳ ಕಣ್ಣು ಕೆಂಡದ ಕಲೆಯ ಕಡೆ ಹೋಯಿತು. ನೆನಪಿತ್ತೆಂದು ಅಖ್ತರಳಿಗೆ ಗೊತ್ತಾಯಿತು. ಕೇಳಬಾರದ ಮನೆಮಾತು ಕೇಳಿಸಿಕೊಂಡಂತಾಗಿ ಅವಳು ಹಾಸಿನ ಅಂಚಿನ ಕುಚ್ಚು ಬಾಚತೊಡಗಿದಳು.

“ತಗೊಂಡು ಹೋಗಿ ಹಾಗಾದ್ರೆ,” ಎಂದಳು ನುಸ್ರತ್ ಕೊನೆಗೆ. “ನಿಮ್ದೇ ಅಲ್ವಾ.”

“ಎಲ್ಲಿಗೆ ತಗೊಂಡು ಹೋಗ್ಲಿ? ನನ್ನ ಕೋಣೆಗೆ ಹಾಸಿದ್ರೆ ಅರ್ಧ ಗೋಡೆ ಹತ್ತುತ್ತೆ. ನಿನ್ನ ಮನೇಲೇ ಇರ್ಲಿ. ವರ್ಷಕ್ಕೊಂದು ಸಲ ನೀರು ಕಾಣ್ಸು, ಸಾಕು.”

“ನೀರು ಬೇಡ ಅಂದಿದ್ದು ನಿಮ್ಮಮ್ಮ.”

“ಅಮ್ಮನಿಗೆ ತಲೆ ಇರ್ಲಿಲ್ಲ.”

ಕೆರಾಮತ್ ಮೀಸೆಯಲ್ಲೇ ನಕ್ಕ. ನುಸ್ರತ್ ಅಖ್ತರಳ ಬಳಿ ಕ್ಷಮೆ ಕೇಳಲಿಲ್ಲ. ಆದರೆ ಹಾಸನ್ನು ವ್ಯಾನಿಗೆ ಹೇರುವಾಗ, ಹಾಸು ವಾಪಸು ಒಯ್ದ ಇಬ್ಬರ ಮನೆಗೂ ಸಂಜೆ ತಾನೇ ಹೋಗಿ ಹೇಳುತ್ತೇನೆ ಎಂದಳು, ಹೇಳಿದಳು ಕೂಡ. ಮರುದಿನ ಒಂದು ಹಾಸು ಮರಳಿ ಬಂತು. ಇನ್ನೊಂದು ಬರಲಿಲ್ಲ.

ಹೊಸ ವರ್ಷದ ಹದಿಮೂರನೇ ದಿನ, ಊರೆಲ್ಲ ಮನೆಯಿಂದಾಚೆ ಹೋಗುವ ದಿನ, ಅಖ್ತರ್ ದಾಳಿಂಬೆ ತೋಟಗಳ ಕಡೆ ಹೋಗಿದ್ದಳು. ಅಲ್ಲಿ ಒಂದು ಮೋಟು ಗೋಡೆಯ ನೆರಳಲ್ಲಿ ನುಸ್ರತ್ ಮತ್ತು ತೂಬಾ ಅಗ್ಗದ ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತಿದ್ದರು. ಹಾಶೆಮ್ ಬೆನ್ನು ಮಾಡಿ ಮಲಗಿದ್ದ. ನುಸ್ರತ್ ಆ ದಿನದ ವಾಡಿಕೆಯಂತೆ ಲೆಟಿಸ್ ಎಲೆಗಳನ್ನು ಹುಳಿಸಿಹಿ ಪಾಕದಲ್ಲಿ ಅದ್ದಿ ಒಂದೊಂದಾಗಿ ನಾದಿನಿಯ ಕೈಗೆ ಇಡುತ್ತಿದ್ದಳು, ತೂಬಾ ತಿನ್ನುತ್ತಿದ್ದಳು. ಅಖ್ತರ್ ದೂರದಿಂದಲೇ ತಲೆಬಾಗಿಸಿ ಮುಂದೆ ನಡೆದಳು.