ನೀಲಾಂಬಿಕೆಯ ಕೆಂಪು ಗೆರೆ

ನಾನು ಒಂದು ಪಾರದರ್ಶಕ ಹಾಳೆ. ಹುಬ್ಬಳ್ಳಿಯ ಸಣ್ಣ ಹಲ್ಲಿನ ಆಸ್ಪತ್ರೆಯೊಂದರಲ್ಲಿ, ಬೆಳಕಿನ ಪೆಟ್ಟಿಗೆಯ ಮೇಲೆ ಹುಟ್ಟಿದೆ. ಅದಕ್ಕೂ ಮುಂಚೆ ನೂರು ಹಾಳೆಗಳ ಕಟ್ಟಿನಲ್ಲಿ ಒಂದಾಗಿದ್ದೆ. ಅದನ್ನು ಬದುಕು ಎನ್ನಲಾರೆ. ಡಾಕ್ಟರ್ ಮಾಲಿನಿ ಪುರೋಹಿತ ನನ್ನನ್ನು ಒಂದು ಮುಖದ ಎಕ್ಸ್‌ರೇ ಮೇಲೆ ಹಾಸಿ, ಹಣೆ, ಮೂಗು, ಹಲ್ಲು, ದವಡೆಗಳನ್ನು ಕಪ್ಪು ಪೆನ್ಸಿಲ್ಲಿನಲ್ಲಿ ತಿದ್ದಿದರು. ಅದು ಹತ್ತು ವರ್ಷದ ನೀಲಾಂಬಿಕೆಯ ಮುಖ. ಕೆಳದವಡೆ ಮುಂದೆ ಬಂದು, ಕೆಳಗಿನ ಹಲ್ಲುಗಳು ಮೇಲಿನವನ್ನು ಮುಚ್ಚುತ್ತಿದ್ದವು. ಶಾಲೆಯಲ್ಲಿ ಅವಳನ್ನು ‘ಸೌಟು’ ಎಂದು ಕರೆಯುತ್ತಿದ್ದರಂತೆ.

ಅವಳ ಅಪ್ಪ ಬಸಲಿಂಗಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಮಗಳ ಕೈ ಬಿಡದೆ ಕೂತಿದ್ದ. ಡಾಕ್ಟರು ಪೆನ್ಸಿಲ್ ಕೆಳಗಿಟ್ಟು ಕೇಳಿದರು: “ನಿಮ್ಮ ಮನೆತನದಾಗ ಯಾರಿಗಾದ್ರೂ ಹಿಂಗ ದವಡಿ ಮುಂದ ಬಂದದೇನ್ರಿ? ಇದ್ರ ಹೇಳ್ರಿ. ಮುಂದ ಎಷ್ಟು ಬೆಳೀತದ ಅನ್ನೂದು ಅದರ ಮ್ಯಾಲೂ ಅದ.”

“ಯಾರಿಗೂ ಇಲ್ರಿ,” ಎಂದ ಬಸಲಿಂಗಪ್ಪ. ಒಂದು ಕ್ಷಣವೂ ತಡೆಯಲಿಲ್ಲ.

ಡಾಕ್ಟರು ಕೆಂಪು ಪೆನ್ಸಿಲ್ ಎತ್ತಿಕೊಂಡು ಹದಿನೆಂಟರ ನೀಲಾಂಬಿಕೆಯನ್ನು ನನ್ನ ಮೇಲೆ ಬರೆದರು. ದವಡೆ ತುಸುವೇ ಬೆಳೆದಿತ್ತು, ತುಟಿಗಳು ಹಿತವಾಗಿ ಕೂಡಿದ್ದವು. ಹುಡುಗಿ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇಕಿ ನಾನ?” ಎಂದಳು. ಡಾಕ್ಟರು ಹೌದೆಂದರು. ನನ್ನನ್ನು ನಂಬುವವರು ಒಬ್ಬರಾದರು.

ಆ ನಂಬಿಕೆಯಲ್ಲೇ ಅವಳು ಗದ್ದಕ್ಕೆ ಪಟ್ಟಿ ಬಿಗಿದುಕೊಂಡು ಮಲಗಿದಳು. ಕೆಳಗಿನ ಎರಡು ಗಟ್ಟಿ ಹಲ್ಲು ಕೀಳಿಸಿಕೊಂಡಳು. ತಂತಿ ಹಾಕಿ ಮುಂದಿನ ಹಲ್ಲುಗಳನ್ನು ಒಳಗೆಳೆದಾಗ ಊಟ ಬಿಟ್ಟು ಗಂಜಿ ಕುಡಿದಳು. ಪ್ರತಿ ಸಲ ಬಂದಾಗಲೂ ಫೈಲು ತೆರೆಸಿ ನನ್ನನ್ನು ನೋಡುತ್ತಿದ್ದಳು. ಹದಿನಾಲ್ಕಕ್ಕೆ ಹಲ್ಲು ಸರಿಯಾಗಿ ಕೂತವು. ಬಸಲಿಂಗಪ್ಪ ಪೇಡೆ ಹಂಚಿದ. ಆಮೇಲೆ ಅವರು ಬರಲಿಲ್ಲ.

ಮತ್ತೆ ಬಂದಾಗ ಅವಳಿಗೆ ಹದಿನೆಂಟು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಿದ್ದಳು. ಡಾಕ್ಟರು ಹೊಸ ಎಕ್ಸ್‌ರೇ ಮೇಲೆ ನನ್ನನ್ನಿಟ್ಟರು. ದವಡೆ ನನ್ನ ಕೆಂಪು ಗೆರೆಯನ್ನು ದಾಟಿ ಅರ್ಧ ಬೆರಳು ಮುಂದೆ ಹೋಗಿತ್ತು.

ನೀಲಾಂಬಿಕೆಯೇ ಹೇಳಿದಳು. ಹೋದ ತಿಂಗಳು ಅಜ್ಜಿ ತೀರಿಕೊಂಡಾಗ ಗದಗಿನಿಂದ ಒಬ್ಬ ಹೆಂಗಸು ಬಂದಿದ್ದಳು. ಅಪ್ಪನ ಅಕ್ಕ, ಗಿರಿಜವ್ವ. ಅಂಥ ಅತ್ತೆ ಇದ್ದಾಳೆಂದೇ ಇವಳಿಗೆ ಗೊತ್ತಿರಲಿಲ್ಲ. “ಡಾಕ್ಟ್ರ, ನನ್ನ ಮುಖಾನ ಅಲ್ಲಿ ಕುಂತಿತ್ರಿ.”

ಜತೆಗೆ ಬಂದಿದ್ದ ಬಸಲಿಂಗಪ್ಪ ನೆಲ ನೋಡುತ್ತಿದ್ದ. ಆ ದವಡೆಯಿಂದಲೇ ಅಕ್ಕನಿಗೆ ಗಂಡು ಸಿಗಲಿಲ್ಲ, ವಂಶದಲ್ಲೇ ಇದೆಯೆಂದರೆ ಮಗಳನ್ನು ಯಾರು ಕೇಳುತ್ತಾರೆ ಎಂದು ಅಕ್ಕನನ್ನು ಮನೆಗೆ ಕರೆಯುವುದನ್ನೇ ಬಿಟ್ಟೆ ಎಂದ. “ಆಕಿ ಇಲ್ಲ ಅಂದ್ರ ಇದೂ ಬರಂಗಿಲ್ಲ ಅನ್ಕೊಂಡ್ನಿರಿ.”

ಗೊತ್ತಿದ್ದಿದ್ದರೆ ಬೆಳವಣಿಗೆ ನಿಲ್ಲುವವರೆಗೆ ಹಲ್ಲು ಮುಟ್ಟುತ್ತಿರಲಿಲ್ಲ ಎಂದರು ಡಾಕ್ಟರು. ಈಗ ಒಳಗೆಳೆದ ಹಲ್ಲುಗಳನ್ನು ಮತ್ತೆ ತಂತಿ ಹಾಕಿ ಹೊರಗೆ ತರಬೇಕು, ಆಮೇಲೆ ದವಡೆ ಕತ್ತರಿಸಿ ಹಿಂದೆ ಕೂಡಿಸಬೇಕು. “ಒಂದ ಮಾತು ಕೇಳಿ ಒಂದ ಗೆರಿ ಬರದ್ನಿ. ತಪ್ಪು ನಂದೂ ಅದ,” ಎಂದರು.

ನೀಲಾಂಬಿಕೆ ಅಪ್ಪನ ಕಡೆ ತಿರುಗಿದಳು. “ದವಡಿ ಬೆಳೀತಂತ ನನಗ ಸಿಟ್ಟಿಲ್ಲಪ್ಪಾ. ಎಂಟು ವರ್ಷ ನಾ ಈ ಹಾಳಿ ನಂಬಿದ್ನಿ. ಅದು ಸುಳ್ಳಂತ ನಿನಗೊಬ್ಬಾಂವಗ ಗೊತ್ತಿತ್ತು.”

ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಒಂದೂವರೆ ವರ್ಷದ ಬಳಿಕ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಬಂತು. ನೀಲಾಂಬಿಕೆಯ ಪಕ್ಕದಲ್ಲಿ ಗಿರಿಜವ್ವ ಕೂತಿದ್ದಳು. ತೆರೆದ ಬಾಗಿಲಾಚೆ ಬೆಂಚಿನ ಮೇಲೆ ಬಸಲಿಂಗಪ್ಪ. ಸಾಕ್ಷಿಗೆ ಅಪ್ಪನನ್ನು ಕರೆಯಲೇ ಎಂದು ಡಾಕ್ಟರು ಕೇಳಿದರು.

“ಬ್ಯಾಡ್ರಿ. ನಮ್ಮತ್ತಿ ಹಾಕ್ತಾಳ.”

ಗಿರಿಜವ್ವ ಕನ್ನಡಕ ಏರಿಸಿಕೊಂಡು, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದಳು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ಕೇಳಿದೆ. ನಾನು ಆ ಫೈಲಿನಲ್ಲೇ ಇದ್ದೇನೆ, ಕಪಾಟಿನ ಕೆಳಗಿನ ಸಾಲಿನಲ್ಲಿ. ಅಂಚು ಹಳದಿಯಾಗಿದೆ. ನನ್ನ ಮೇಲಿರುವ ಕೆಂಪು ಮುಖದಂತೆ ಯಾರೂ ಬೆಳೆಯಲಿಲ್ಲ. ಬೆಂಚಿನ ಮೇಲೆ ಆ ಮನುಷ್ಯ ಟೋಪಿ ಹಿಂಡುತ್ತ ಕೂತಿದ್ದು ಕಣ್ಣಿಗೆ ಕಟ್ಟಿದಂತಿದೆ, ಮರುಕವೂ ಬರುತ್ತದೆ. ಆದರೂ ಅವನನ್ನು ಕ್ಷಮಿಸುವುದು ನನ್ನಿಂದ ಈವರೆಗೆ ಆಗಿಲ್ಲ.